ಇಪ್ಪತ್ತೇಳನೇ ನಂಬರಿನ ಬೆಸುಗೆ

ಮಾರ್ಚ್ ೩, ಸೋಮವಾರ

ಅಂತೂ ಕೊಳವೆ ಬಂತು. ಎರಡು ತಿಂಗಳಿಂದ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾಯಿಸಿ, ಕಡೆಗೆ ಸೀಸದ ಪೆಟ್ಟಿಗೆಯಲ್ಲಿ ಕೂತು, ಹಿಂದೊಂದು ಮುಂದೊಂದು ಜೀಪಿನ ಜೊತೆ ಮೆರವಣಿಗೆಯಲ್ಲಿ ಬಂತು. ಪೆಟ್ಟಿಗೆ ಒಂದು ಕೋಣೆಯಷ್ಟಿದೆ. ಒಳಗಿರುವುದು ನನ್ನ ತೋಳಿನಷ್ಟು ಉದ್ದದ ಕೊಳವೆ. ಗೇಟಿನ ಕಾವಲುಗಾರ, “ಇಷ್ಟಕ್ಕೆ ಅಷ್ಟು ದೊಡ್ಡ ಲಾರಿನಾ ಮೇಡಂ? ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತು” ಎಂದ. “ಈ ಇಲಿ ಕಚ್ಚಿದ್ರೆ ಗೊತ್ತಾಗುತ್ತೆ, ದೂರ ನಿಂತ್ಕೊಳ್ಳಿ” ಎಂದೆ. ಇಬ್ಬರೂ ನಕ್ಕು ನಕ್ಕು ಸಾಕಾಯಿತು. ಹತ್ತು ನಿಮಿಷ ಅವನ ಜೊತೆ ಹರಟಿ ಕೆಲಸಕ್ಕೆ ತಡವಾಗಿ ಹೋದೆ. ನಗು ಬಂದರೆ ತಡೆಯುವ ಅಭ್ಯಾಸ ನನಗಿಲ್ಲ.

ಅದರಲ್ಲಿ ಏನಿದೆ ಎಂದು ಕೇಳಿದ. ರಿಯಾಕ್ಟರಿನ ಉಕ್ಕಿನ ಪಾತ್ರೆ ಕಟ್ಟುವಾಗಲೇ ಅದೇ ಉಕ್ಕಿನ, ಅದೇ ಬೆಸುಗೆಯ ಬೆರಳುದ್ದದ ತುಂಡುಗಳನ್ನು ಕತ್ತರಿಸಿ, ಕೊಳವೆಗೆ ತುಂಬಿ, ಪಾತ್ರೆಯ ಒಳಗೋಡೆಗೆ ನೇತುಹಾಕಿರುತ್ತಾರೆ ಎಂದು ಹೇಳಿದೆ. ಗೋಡೆಗಿಂತ ಒಂದು ಗೇಣು ಇಂಧನಕ್ಕೆ ಹತ್ತಿರ. ಹಾಗಾಗಿ ಗೋಡೆಗೆ ಬರಲಿರುವ ಕಾಯಿಲೆ ಇವಕ್ಕೆ ಮೊದಲೇ ಬರುತ್ತದೆ. ಪಾತ್ರೆಯನ್ನು ಒಡೆದು ನೋಡಲಾಗದು, ಇವನ್ನು ಒಡೆದು ನೋಡಬಹುದು. “ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಚುಕಿ ನೋಡ್ತೀವಲ್ಲ, ಹಾಗೆ” ಎಂದೆ. ಅವನಿಗೆ ಅರ್ಥವಾಯಿತು.

ಹಿಂದಿನ ಎರಡು ಕೊಳವೆಗಳಲ್ಲಿ ಬರೀ ಗೋಡೆಯ ಉಕ್ಕಿನ ತುಂಡುಗಳಿದ್ದವು. ಬೆಸುಗೆಯ ತುಂಡುಗಳಿರುವುದು ಇದರಲ್ಲೇ. ಇದನ್ನು ನೋಡಿ ಈ ಘಟಕಕ್ಕೆ ಇನ್ನೂ ಇಪ್ಪತ್ತು ವರ್ಷ ಆಯಸ್ಸು ಕೊಡುವುದೋ ಬೇಡವೋ ಎಂದು ತೀರ್ಮಾನ ಮಾಡುತ್ತಾರೆ. ಮತ್ತೆ, ಪಾತ್ರೆಯ ನಡುವಿನ ಆ ಬೆಸುಗೆ ಹಾಕಿದವನು ನನ್ನಪ್ಪ. ಅದು ನಮ್ಮ ಲ್ಯಾಬಿನ ದೊಡ್ಡವರಿಗೂ ಗೊತ್ತು. “ನಿಮಗೆ ಕಷ್ಟ ಆದ್ರೆ ಬೇರೆಯವರ ಕೈಲಿ ಮಾಡಿಸ್ತೀನಮ್ಮ” ಎಂದರು. “ಮೂವತ್ತನಾಲ್ಕು ವರ್ಷದಿಂದ ಅದರ ಜಂಬ ಕೇಳ್ಕೊಂಡು ಬಂದವಳು ನಾನು ಸಾರ್, ಒಡೆಯೋ ಭಾಗ್ಯನೂ ನನಗೇ ಇರಲಿ” ಎಂದೆ.

ಮನೆಗೆ ಬಂದಾಗ ಅಪ್ಪ ಬಾಗಿಲಲ್ಲೇ ನಿಂತಿದ್ದ. ಎಪ್ಪತ್ತೊಂಬತ್ತು ವಯಸ್ಸು. ಕೈ ನಡುಗುತ್ತದೆ, ಎರಡು ಮಾತಿಗೊಮ್ಮೆ ಉಸಿರು ಹುಡುಕುತ್ತಾನೆ, ಆದರೆ ಹಂಡೆಯ ವಿಷಯ ಬಂದರೆ ಇಪ್ಪತ್ತರ ಹುಡುಗ. ಆ ಪಾತ್ರೆಗೆ ಅವನಿಟ್ಟ ಹೆಸರು ಹಂಡೆ.

“ಬಂತಾ?”

“ಬಂತಪ್ಪ. ಮೊದಲು ಚಪ್ಪಲಿ ಬಿಡೋಕೆ ಬಿಡು.”

“ಬಾಗುತ್ತೆ ನೋಡು. ನಿನ್ನ ಸುತ್ತಿಗೆಗೆ ಕೈ ನೋವು ಬರ್ಬೇಕು, ನನ್ನ ಬೆಸುಗೆ ಮುರಿಯಲ್ಲ” ಎಂದ.

ಮಾರ್ಚ್ ೬, ಗುರುವಾರ

ಕೊಳವೆ ಕತ್ತರಿಸಿದೆವು. ಒಂದು ಮೀಟರ್ ದಪ್ಪದ ಗಾಜಿನ ಆಚೆ ತುಂಡುಗಳು, ಈಚೆ ನಾನು. ನನ್ನ ಕೈ ಆಡಿಸಿದಂತೆ ಒಳಗೆ ಯಂತ್ರದ ಕೈಗಳು ಆಡುತ್ತವೆ. ಈ ಕೈಗಳಲ್ಲಿ ನಾನು ಸೂಜಿಗೆ ದಾರವನ್ನೂ ಪೋಣಿಸಬಲ್ಲೆ. ಮನೆಯಲ್ಲಿ ಹಾಲು ಬಗ್ಗಿಸುವಾಗ ಮಾತ್ರ ಅರ್ಧ ನೆಲಕ್ಕೆ.

ಬೆಸುಗೆಯ ತುಂಡು ಹನ್ನೆರಡು. ಪ್ರತಿಯೊಂದರ ಬದಿಯಲ್ಲೂ ೨೭ ಎಂಬ ಅಚ್ಚು, ಅದರ ಪಕ್ಕ ಮೂಲೆಯಲ್ಲಿ ಎರಡು ಚುಕ್ಕೆ. ಇಪ್ಪತ್ತೇಳು ಅಪ್ಪನ ನಂಬರು. ಆಗೆಲ್ಲ ಪ್ರತಿ ವೆಲ್ಡರಿಗೂ ಒಂದು ನಂಬರಿನ ಪಂಚ್ ಕೊಡುತ್ತಿದ್ದರು. ಬೆಸುಗೆ ಮುಗಿದ ಮೇಲೆ ಅದನ್ನು ಪಕ್ಕದಲ್ಲಿಟ್ಟು ಸುತ್ತಿಗೆಯಿಂದ ಒಂದೇಟು ಹಾಕಬೇಕು. ನಾಳೆ ಏನಾದರೂ ಆದರೆ ಯಾರನ್ನು ಹಿಡಿಯಬೇಕು ಎಂದು ಗೊತ್ತಿರಲಿ ಎಂದು. ಆ ಪಂಚ್ ಈಗಲೂ ನಮ್ಮ ಅಡುಗೆಮನೆಯ ಡ್ರಾಯರಿನಲ್ಲಿದೆ. ಅಪ್ಪ ಅದಕ್ಕೆ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದಾನೆ.

ಅದೇ ಡ್ರಾಯರಿನಲ್ಲಿ ನನ್ನ ಬಳೆಯೂ ಇದೆ. ಆಗ ನನಗೆ ಹದಿನಾಲ್ಕು. ಊಟದ ಡಬ್ಬಿ ಕೊಡಲು ಅವನ ಶೆಡ್ಡಿಗೆ ಹೋದಾಗ ಬೆಸುಗೆಯ ತಂತಿಯ ಒಂದು ತುಂಡನ್ನು ಬಗ್ಗಿಸಿ ಕೈಗೆ ಹಾಕಿದ್ದ. ಚಿನ್ನದ ಹಾಗೆ ಹೊಳೆಯುತ್ತಿತ್ತು. ಅದನ್ನು ಹಾಕಿಕೊಂಡು ಒಂದು ವರ್ಷ ಮೆರೆದಿದ್ದೆ. ಇವತ್ತು ತೆಗೆದು ನೋಡಿದೆ, ಈಗ ಕೈಗೆ ಹತ್ತುವುದಿಲ್ಲ. ಸುಮ್ಮನೆ ಅಳು ಬಂತು. ನನಗೆ ಅಳುವುದಕ್ಕೂ ಹೆಚ್ಚು ಕಾರಣ ಬೇಕಿಲ್ಲ.

ಮಾರ್ಚ್ ೧೧, ಮಂಗಳವಾರ

ಮೊದಲ ತುಂಡು ಒಡೆದೆ.

ಕೆಲಸವೇನೂ ದೊಡ್ಡದಲ್ಲ. ತುಂಡಿನ ನಡುವೆ ಒಂದು ಕಚ್ಚು ಇರುತ್ತದೆ. ಅದನ್ನು ಎರಡು ಆಸರೆಯ ನಡುವೆ ಇಟ್ಟು, ಲೋಲಕದಂತೆ ತೂಗುವ ಸುತ್ತಿಗೆಯನ್ನು ಮೇಲಿಂದ ಬಿಡಬೇಕು. ಗಟ್ಟಿ ಜೀವದ ಉಕ್ಕಾದರೆ ಬಾಗಿ, ಹರಿದು, ಸುತ್ತಿಗೆಯ ಶಕ್ತಿಯನ್ನೆಲ್ಲ ನುಂಗುತ್ತದೆ. ಹೊಸದರಲ್ಲಿ ಇದೇ ಬೆಸುಗೆ ಕೋಣೆಯ ಬಿಸಿಯಲ್ಲಿ ನೂರಿಪ್ಪತ್ತು ಜೂಲ್ ನುಂಗಿತ್ತು. ಅರವತ್ತಾದರೂ ಬರಬಹುದು ಎಂದುಕೊಂಡಿದ್ದೆ.

ಏಳು ಬಂತು.

ಸುತ್ತಿಗೆ ಗಾಳಿಯಲ್ಲಿ ಆಡಿದಂತೆ ಆಚೆ ಹೋಯಿತು. ಯಂತ್ರ ಕೆಟ್ಟಿದೆ ಎಂದು ಎರಡು ಸಲ ಪರೀಕ್ಷಿಸಿದೆ. ಯಂತ್ರ ಸರಿಯಾಗಿದೆ. ಮುರಿದ ಮುಖವನ್ನು ಕ್ಯಾಮೆರಾದಲ್ಲಿ ನೋಡಿದೆ. ಬಾಗಿ ಮುರಿದ ಉಕ್ಕಿನ ಮುಖ ನಾರುನಾರಾಗಿ, ಮಂಕಾಗಿ, ಬೂದುಬಣ್ಣಕ್ಕಿರುತ್ತದೆ. ಇದು ಸಕ್ಕರೆ ಅಚ್ಚಿನ ಹಾಗೆ ಮಿನುಗುತ್ತಿತ್ತು.

ಒಂದು ತುಂಡು ತಾನೇ. ಇನ್ನೂ ಹನ್ನೊಂದಿವೆ.

ಅಪ್ಪ ಊಟಕ್ಕೆ ಕೂತು ಕಾಯುತ್ತಿದ್ದ. “ಏನಾಯ್ತು?” ಎಂದ. “ಇನ್ನೂ ಶುರು ಮಾಡಿಲ್ಲಪ್ಪ, ಯಂತ್ರ ರಿಪೇರಿ” ಎಂದೆ. ಸುಳ್ಳು ಹೇಳಿದರೆ ನನ್ನ ಕಿವಿ ಕೆಂಪಾಗುತ್ತದೆ. ಬೆಳಕಿಗೆ ಬೆನ್ನು ಹಾಕಿ ಬಡಿಸಿದೆ.

ಮಾರ್ಚ್ ೨೦, ಗುರುವಾರ

ಒಂಬತ್ತು ತುಂಡು ಮುಗಿಯಿತು, ಮೂರು ಉಳಿಸಿಟ್ಟೆ. ಉಕ್ಕನ್ನು ಕಾಯಿಸುತ್ತಾ ಹೋದಂತೆ ಅದು ಮತ್ತೆ ಬಾಗಲು ಕಲಿಯುತ್ತದೆ. ಎಷ್ಟು ಡಿಗ್ರಿಗೆ ಕಲಿಯುತ್ತದೆ ಎಂಬುದೇ ಪ್ರಶ್ನೆ. ಐವತ್ತಕ್ಕೆ ಹನ್ನೊಂದು ಜೂಲ್, ಎಂಬತ್ತಕ್ಕೆ ಹದಿನೆಂಟು, ನೂರಹತ್ತಕ್ಕೆ ಇಪ್ಪತ್ತೊಂಬತ್ತು. ಬಾಗಿತು ಎನ್ನಲು ಬೇಕಾದ ನಲವತ್ತೊಂದು ಜೂಲಿನ ಗೆರೆ ದಾಟಿದ್ದು ನೂರನಲವತ್ತೆಂಟು ಡಿಗ್ರಿಗೆ. ನೂರಮೂವತ್ತರೊಳಗೆ ದಾಟಬೇಕೆಂಬುದು ನಿಯಮದ ಮಿತಿ. ಮುಂದಿನ ಇಪ್ಪತ್ತು ವರ್ಷದ ಮಾತಿರಲಿ, ಗೋಡೆಯ ಇವತ್ತಿನ ಸ್ಥಿತಿಗೆ ಇಳಿಸಿ ಲೆಕ್ಕ ಹಾಕಿದರೂ ಮಿತಿ ದಾಟಿ ಮೂರು ಡಿಗ್ರಿ ಮೇಲಿದ್ದೇವೆ.

ಏನಾದರೂ ಅವಘಡವಾಗಿ ಬಿಸಿ ಪಾತ್ರೆಗೆ ತಣ್ಣೀರು ಹರಿಸಬೇಕಾಗಿ ಬಂದರೆ, ಒಲೆಯ ಮೇಲಿನ ಗಾಜಿನ ಲೋಟಕ್ಕೆ ನೀರು ಹೊಯ್ದ ಹಾಗಾಗಬಹುದು. ದೊಡ್ಡವರು ಕಾಗದ ನೋಡಿ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. “ಯಾಕೆ ಹೀಗಾಯ್ತು ಅಂತ ಹುಡುಕಿ” ಎಂದರು. ಅಷ್ಟೇ. ಮರುದಿನದಿಂದಲೇ ಘಟಕ ನಿಲ್ಲಿಸಲು ಹೇಳಿ ಬರೆದರು. ಊರಿಗೆಲ್ಲ ಅದು ವಾರ್ಷಿಕ ದುರಸ್ತಿ ಎಂದಾಯಿತು.

ಅಪ್ಪನಿಗೆ ಬಾಗಿತು ಎಂದೆ. “ಮುರೀಲಿಲ್ವಾ?” ಎಂದ. “ಮುರೀತು, ಆದ್ರೆ ಚೆನ್ನಾಗಿ ಬಾಗಿ ಮುರೀತು.” ಅವನು ಎದೆ ಮೇಲೆ ಕೈಯಿಟ್ಟುಕೊಂಡು ಕಣ್ಣು ಮುಚ್ಚಿದ. ಆಮೇಲೆ, “ಮುಖದ ಫೋಟೋ ತಗೊಂಡು ಬಾ, ನೋಡ್ಬೇಕು” ಎಂದ.

ಮಾರ್ಚ್ ೨೯, ಶನಿವಾರ

ಒಂಬತ್ತು ದಿನ ಫೋಟೋ, ಫೋಟೋ ಎಂದು ಪ್ರಾಣ ತಿಂದ. ಮುರಿದ ಮುಖವನ್ನು ಓದಲು ಅವನಿಗೆ ನನ್ನ ಮೈಕ್ರೋಸ್ಕೋಪ್ ಬೇಡ. ನಿಜವಾದ ಫೋಟೋ ತೋರಿಸಿದರೆ ಒಂದು ಕ್ಷಣ ಸಾಕು.

ಕೊನೆಗೆ ಉಗ್ರಾಣದ ಹಳೇ ಪೆಟ್ಟಿಗೆ ತೆಗೆದೆ. ರಿಯಾಕ್ಟರಿಗೆ ಹೋಗದೆ ಹೊರಗೇ ಉಳಿದ, ಹೋಲಿಸಲೆಂದು ಆಗಲೇ ಒಡೆದಿಟ್ಟ ತುಂಡುಗಳಿವೆ. ಅದೇ ಬೆಸುಗೆ, ಅದೇ ೨೭. ಮುಖ ಮಂಕು ಬೂದು, ನಾರುನಾರು. ಮುಖವೂ ಬದಿಯ ನಂಬರೂ ಕಾಣುವ ಹಾಗೆ ಫೋಟೋ ತೆಗೆದು ದೊಡ್ಡದಾಗಿ ಅಚ್ಚು ಹಾಕಿಸಿ ತಂದುಕೊಟ್ಟೆ. ಕೊಡುವಾಗ ಬೇಕೆಂದೇ ನಗುತ್ತಿದ್ದೆ.

ಅಪ್ಪ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದ. ಕೈ ನಡುಗುತ್ತಿದ್ದುದರಿಂದ ಫೋಟೋವನ್ನು ಮೇಜಿನ ಮೇಲಿಟ್ಟು ಬಗ್ಗಿ ನೋಡಿದ. “ಚೆನ್ನಾಗಿದೆ” ಎಂದ. ಆಮೇಲೆ ಮತ್ತೊಂದು ಸಲ “ಚೆನ್ನಾಗಿದೆ ಮಗೂ” ಎಂದು ನನ್ನ ತಲೆ ಸವರಿದ. ಫೋಟೋವನ್ನು ಗಡಿಯಾರದ ಕೆಳಗೆ ಗೋಡೆಗೆ ಅಂಟಿಸಿದ್ದೇನೆ. ಈ ಸಲ ಕಿವಿ ಬಿಸಿಯಾದಂತೆ ಅನ್ನಿಸಲಿಲ್ಲ.

ಏಪ್ರಿಲ್ ೮, ಮಂಗಳವಾರ

ದೂರದ ಸಂಸ್ಥೆಗೆ ಕಳಿಸಿದ್ದ ಚೂರಿನ ಚಿತ್ರ ಬಂತು. ಪರಮಾಣುಗಳನ್ನು ಒಂದೊಂದಾಗಿ ಕಿತ್ತು ಎಣಿಸುವ ಯಂತ್ರ ಅವರಲ್ಲಿದೆ. ಕಬ್ಬಿಣವನ್ನು ಅಳಿಸಿ ತಾಮ್ರವನ್ನು ಮಾತ್ರ ಕಿತ್ತಳೆ ಬಣ್ಣದಲ್ಲಿ ತೋರಿಸಿದ್ದಾರೆ.

ಹೊಸ ಬೆಸುಗೆಯ ಚಿತ್ರದಲ್ಲಿ ಕಿತ್ತಳೆ ಚುಕ್ಕೆಗಳು ಎಲ್ಲೆಡೆ ಒಂದೇ ಸಮ ಚೆಲ್ಲಿವೆ. ನಮ್ಮದರಲ್ಲಿ ಗುಂಪು ಗುಂಪು. ಮೂವತ್ತನಾಲ್ಕು ವರ್ಷ ನ್ಯೂಟ್ರಾನುಗಳು ಹೊಡೆದು ಹೊಡೆದು ಪರಮಾಣುಗಳನ್ನು ಅವುಗಳ ಜಾಗದಿಂದ ಎಬ್ಬಿಸಿವೆ. ಖಾಲಿಯಾದ ಜಾಗಗಳನ್ನು ಹಿಡಿದುಕೊಂಡು ತಾಮ್ರ ನಿಧಾನವಾಗಿ ನಡೆದಿದೆ, ಒಂದು ಕಡೆ ಸೇರಿದೆ. ಗುಂಪುಗಳು ಎಷ್ಟು ಚಿಕ್ಕವೆಂದರೆ ಕೂದಲಿನ ಅಡ್ಡಗಲಕ್ಕೆ ಮೂವತ್ತು ಸಾವಿರ ಹಿಡಿಸುತ್ತವೆ. ಉಕ್ಕು ಬಾಗಬೇಕಾದರೆ ಒಳಗಿನ ಪದರಗಳು ಒಂದರ ಮೇಲೊಂದು ಜಾರಬೇಕು. ಈ ಗುಂಪುಗಳು ಜಾರಲು ಬಿಡುವುದಿಲ್ಲ. ಉಕ್ಕು ಗಡುಸಾಗುತ್ತದೆ. ನೋಡಿದವರು ಬಲ ಬಂತು ಎಂದುಕೊಳ್ಳಬೇಕು, ಅಷ್ಟು ಗಡುಸು. ಬಾಗಲಾರದ್ದು ಒಂದು ದಿನ ಮುರಿಯುತ್ತದೆ.

ಬೆಸುಗೆಯಲ್ಲಿ ಇಷ್ಟೊಂದು ತಾಮ್ರ ಎಲ್ಲಿಂದ ಬಂತು ಎಂದು ಎಲ್ಲರೂ ಕೇಳುತ್ತಿದ್ದಾರೆ. ನನ್ನ ಬಳೆ ಚಿನ್ನದ ಹಾಗೆ ಹೊಳೆಯುತ್ತಿದ್ದುದು ನೆನಪಾಯಿತು.

ಏಪ್ರಿಲ್ ೧೭, ಗುರುವಾರ

ಹಳೇ ಫೈಲಿನಲ್ಲಿ ಸಿಕ್ಕಿತು. ಅಪ್ಪನ ಕೈಬರಹದ ಕಾಗದ. ಮೂವತ್ತಾರು ವರ್ಷ ಹಳೆಯದು. “ಬರಿ ತಂತಿಗೆ ತುಕ್ಕು ಹಿಡಿಯುತ್ತಿದೆ. ತುಕ್ಕಿನ ತಂತಿಯಿಂದ ಬೆಸುಗೆಯಲ್ಲಿ ಗುಳ್ಳೆ ಬೀಳುತ್ತದೆ. ತಾಮ್ರ ಬಳಿದ ತಂತಿ ತರಿಸಿಕೊಡಬೇಕಾಗಿ ವಿನಂತಿ. ಹಾಗಲ್ಲದೆ ನಡುವಿನ ಬೆಸುಗೆಯನ್ನು ನಾನು ಹಾಕುವುದಿಲ್ಲ.” ಕೆಳಗೆ ಸಹಿ, ಸಹಿಯ ಪಕ್ಕ ೨೭. ಅದರ ಕೆಳಗೆ ಬೇರೆ ಶಾಯಿಯಲ್ಲಿ, “ಒಪ್ಪಿಗೆ. ಒಳ್ಳೆಯ ಸಲಹೆ.”

ಆಗ ಅದು ಒಳ್ಳೆಯ ಸಲಹೆಯೇ. ತಾಮ್ರ ಹೀಗೆ ಮಾಡುತ್ತದೆ ಎಂದು ಆ ಶೆಡ್ಡಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಗೇ ಬಿಟ್ಟಿದ್ದರೆ ತುಕ್ಕಿನ ತಂತಿಯಲ್ಲೇ ಯಾರೋ ಹಾಕುತ್ತಿದ್ದರು, ಗುಳ್ಳೆ ಬಿದ್ದರೆ ಕೆತ್ತಿ ಮತ್ತೆ ಹಾಕುತ್ತಿದ್ದರು. ಅವನು ಹಟ ಹಿಡಿದ. ಬೆಂಕಿಯ ನೇರ ಎದುರಿಗಿರುವ ಬೆಸುಗೆಗೇ ಹಟ ಹಿಡಿದ.

ಸಂಜೆ ಊಟದ ಹೊತ್ತಿಗೆ, ಸುಮ್ಮನೆ ಕೇಳುವವಳ ಹಾಗೆ, ಆಗ ಯಾವ ತಂತಿ ಬಳಸಿದ್ದೆ ಎಂದು ಕೇಳಿದೆ. ಅವನ ಮುಖ ಅರಳಿತು. “ಅಯ್ಯೋ ಅದೊಂದು ದೊಡ್ಡ ಕತೆ. ತುಕ್ಕು ಹಿಡಿದ ತಂತಿ ಕೊಟ್ಟು ಕೆಲಸ ಮಾಡು ಅಂದ್ರು. ನಾನು ಕೈಗವಸು ಬಿಚ್ಚಿ ಎಸೆದು ಮೂರು ದಿನ ಕೂತೆ. ಮೂರು ದಿನ! ನಾಲ್ಕನೇ ದಿನ ಹೊಸ ಸುರುಳಿ ಬಂತು, ಫಳಫಳ ಅಂತ. ನಿಮ್ಮಮ್ಮ ಬೈದಳು, ಕೆಲಸ ಹೋದ್ರೆ ಏನ್ರಿ ಗತಿ ಅಂತ. ಹೋದ್ರೆ ಹೋಗಲಿ, ನನ್ನ ನಂಬರ್ ಹೊಡೆಯೋ ಬೆಸುಗೆ ಕಣೇ ಅದು ಅಂದೆ.”

ಉಸಿರು ಸಾಲದೆ ಅರ್ಧಕ್ಕೆ ನಿಲ್ಲಿಸಿದ. ನೀರು ಕೊಟ್ಟೆ. ಅವನ ಬೆನ್ನು ನೀವಬೇಕಿತ್ತು, ತಟ್ಟೆಗಳನ್ನು ತೊಳೆಯಲು ಎದ್ದೆ.

ಏಪ್ರಿಲ್ ೧೮, ಶುಕ್ರವಾರ

ಕಾಗದದ ಪ್ರತಿಯನ್ನು ವರದಿಗೆ ಸೇರಿಸಿದೆ. ಸೇರಿಸಲೇಬೇಕು. ಅಕ್ಕನ ಫೋನು ಎರಡು ಸಲ ಬಂದಿತ್ತು, ತೆಗೆಯಲಿಲ್ಲ.

ಮೇ ೨, ಶುಕ್ರವಾರ

ಒಂದು ದಾರಿ ಇದೆ. ಇಂಥ ಉಕ್ಕನ್ನು ನಾನೂರೈವತ್ತು ಡಿಗ್ರಿಗೆ ಒಂದು ವಾರ ಕಾಯಿಸಿದರೆ ತಾಮ್ರದ ಗುಂಪುಗಳು ದೊಡ್ಡ ಉಂಡೆಗಳಾಗಿ ಅಲ್ಲೊಂದು ಇಲ್ಲೊಂದು ಉಳಿಯುತ್ತವೆ. ನಡುವೆ ಜಾಗವಾಗುತ್ತದೆ, ಪದರಗಳು ಮತ್ತೆ ಜಾರುತ್ತವೆ. ಬೇರೆ ಕಡೆ ಪಾತ್ರೆಗಳನ್ನೇ ಹಾಗೆ ಕಾಯಿಸಿದ್ದಾರೆ. ಉಳಿಸಿಟ್ಟಿದ್ದ ಮೂರರಲ್ಲಿ ಎರಡು ತುಂಡು ಕುಲುಮೆಗೆ ಹಾಕಿದೆ.

ಮೇ ೧೦, ಶನಿವಾರ

ತೊಂಬತ್ತಾರು ಜೂಲ್!

ಕೋಣೆಯ ಬಿಸಿಯಲ್ಲಿ, ತೊಂಬತ್ತಾರು! ಸುತ್ತಿಗೆ ತುಂಡಿಗೆ ಬಡಿದು ಮೇಲೇಳಲಾರದೆ ಏದುಸಿರು ಬಿಟ್ಟಿತು. ಇನ್ನೊಂದು ತುಂಡು ತೊಂಬತ್ತೊಂದು. ಮುಖ ಮಂಕು ಬೂದು. ನಾನು ಗಾಜಿಗೆ ಹಣೆಯೊತ್ತಿ ನಿಂತುಬಿಟ್ಟೆ. ಪಾತ್ರೆಯನ್ನು ಉಳಿಸಬಹುದು. ಅಪ್ಪನಿಗೆ ಹೇಳಿದ ಸುಳ್ಳು ತಾನಾಗಿಯೇ ನಿಜವಾಗಬಹುದು. ಮನೆಗೆ ಹೋಗುತ್ತ ಹಣ್ಣು ಕೊಂಡೆ, ಹೂವು ಕೊಂಡೆ, ಅಕ್ಕನಿಗೆ ಫೋನು ಮಾಡಿ ಅರ್ಧ ಗಂಟೆ ಮಾತಾಡಿದೆ. “ಏನೇ, ಲಾಟರಿ ಹೊಡೀತಾ?” ಎಂದಳು.

ಮೇ ೧೯, ಸೋಮವಾರ

ಆಗುವುದಿಲ್ಲ ಎಂದರು.

ಸಭೆಗೆ ನನ್ನನ್ನೂ ಕರೆದಿದ್ದರು. ಈ ಪಾತ್ರೆಯ ಸುತ್ತ ಕಾಂಕ್ರೀಟು ಒತ್ತಿಕೊಂಡಿದೆ, ಅಷ್ಟು ಬಿಸಿಗೆ ಒಡೆಯುತ್ತದೆ. ಕುಲುಮೆಯನ್ನು ಒಳಗಿಳಿಸಲು ಜಾಗ ಸಾಲದು. ಪಾತ್ರೆಗೆ ಸೇರಿದ ನೀರಿನ ಕೊಳವೆಗಳು ಸೊಟ್ಟಗಾಗುತ್ತವೆ. ಕಟ್ಟುವಾಗ ಯಾರೂ ಇದನ್ನು ಯೋಚಿಸಿರಲಿಲ್ಲ. ಎಂಜಿನಿಯರೊಬ್ಬರು, “ನೀವು ಎರಡು ತುಂಡು ಕಾಯಿಸಿದ್ರಿ ಮೇಡಂ, ನಾವು ಮುನ್ನೂರು ಟನ್ ಕಾಯಿಸ್ಬೇಕು” ಎಂದರು. ಯಾರೂ ನಗಲಿಲ್ಲ. ಅವರು ಹೇಳಿದ್ದರಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

ಹೊರಗೆ ಬಂದಾಗ ಕಾವಲುಗಾರ ಏನೋ ಹೇಳಿದ. ಕೇಳಿಸಿಕೊಳ್ಳಲಿಲ್ಲ.

ಮೇ ೨೪, ಶನಿವಾರ

ಡ್ರಾಯರು ತೆರೆಯಲು ಬರುತ್ತಿರಲಿಲ್ಲ, ಒಳಗೆ ಕಸ ತುಂಬಿತ್ತು. ಪಂಚ್ ಒಂದನ್ನು ಬಿಟ್ಟು ಖಾಲಿ ಮಾಡಿದೆ. ಬಳೆಯನ್ನು ಗುಜರಿಯವನ ಚೀಲಕ್ಕೆ ಹಾಕಿದೆ. ಈಗ ಸಲೀಸಾಗಿ ತೆರೆಯುತ್ತದೆ.

ಜೂನ್ ೪, ಬುಧವಾರ

ಘಟಕ ಮುಚ್ಚುತ್ತಾರೆ ಎಂದು ಟಿವಿಯಲ್ಲಿ ಬಂತು. ಕಾವಲುಗಾರ, ಕ್ಯಾಂಟೀನಿನವರು, ನಮ್ಮ ಮಹಡಿಯ ನಾಲ್ಕೂ ಮನೆಯವರು, ಎಲ್ಲರ ಕೆಲಸ ವರ್ಷದೊಳಗೆ ಹೋಗುತ್ತದೆ. ಕಾರಣ ಹೇಳುವಾಗ “ನಡುವಿನ ಬೆಸುಗೆಯ ದೌರ್ಬಲ್ಯ” ಎಂದರು. ಅಪ್ಪ ನೋಡುತ್ತಿದ್ದ.

“ಯಾವ ಬೆಸುಗೆ?”

“ಬೇರೆಯವರದ್ದು. ಮೇಲಿನದು.”

“ನಡುವಿನದು ಅಂದ್ರಲ್ಲ.”

“ಟಿವಿಯವರಿಗೆ ಏನು ಗೊತ್ತು” ಎಂದೆ. ತರಕಾರಿ ಹೆಚ್ಚುತ್ತಿದ್ದೆ, ತಲೆ ಎತ್ತಲಿಲ್ಲ.

ಅಕ್ಕ ಫೋನು ಮಾಡಿದ್ದಳು. ತಾನೇ ಅತ್ತು ತಾನೇ ಸುಮ್ಮನಾಗಿ, “ನೀನು ಹೇಗೆ ಇಷ್ಟು ತಣ್ಣಗೆ ಮಾತಾಡ್ತೀಯೋ. ಗಟ್ಟಿಗಿತ್ತಿ ಕಣೇ ನೀನು” ಎಂದಳು. ಇರಬಹುದು. ಮೊದಲಿನ ಹಾಗೆ ಸಣ್ಣಪುಟ್ಟದಕ್ಕೆ ಕಣ್ಣೀರು ಹಾಕುವುದು ನಿಂತಿದೆ. ಕೆಲಸ ಸಾಗುತ್ತದೆ, ಒಳ್ಳೆಯದೇ.

ಜೂನ್ ೫, ಗುರುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಕಾಫಿ ಕೊಟ್ಟಾಗ ಅಪ್ಪ ಗೋಡೆಯ ಫೋಟೋ ತೋರಿಸಿ, “ಅದನ್ನ ತೆಗೆದುಬಿಡು” ಎಂದ. ಯಾಕೆ ಎಂದೆ.

“ಅದರ ಮೂಲೇಲಿ ಒಂದೇ ಚುಕ್ಕೆ ಇದೆ. ಹೊರಗೆ ಉಳಿದಿದ್ದಕ್ಕೆ ಒಂದು, ಒಳಗೆ ಹೋಗಿದ್ದಕ್ಕೆ ಎರಡು. ಆ ಚುಕ್ಕೆ ಹೊಡೆದಿದ್ದೇ ನಾನು. ಆ ತುಂಡು ಒಡೆದಾಗ ನಾನು ಪಕ್ಕದಲ್ಲೇ ನಿಂತಿದ್ದೆ.”

ಹೋಗಿ ನೋಡಿದೆ. ಹೌದು. ೨೭ರ ಪಕ್ಕ ಒಂದೇ ಚುಕ್ಕೆ. ಕಾಸಿನಷ್ಟು ದೊಡ್ಡದಾಗಿ ಅಚ್ಚಾಗಿದೆ. ಎರಡು ತಿಂಗಳಿಂದ ದಿನಾ ಅದರ ಕೆಳಗೇ ಕೂತು ಊಟ ಮಾಡಿದ್ದೇನೆ.

“ಅವತ್ತೇ ಗೊತ್ತಾಯ್ತಾ?”

“ಅವತ್ತೇ. ನೀನು ಅಷ್ಟು ಕಷ್ಟಪಟ್ಟು ತಂದಿದ್ದೆ, ನಗ್ತಾ ಇದ್ದೆ. ಇರಲಿ ಬಿಡು ಅಂತ ಸುಮ್ನಾದೆ. ಆಮೇಲೆ ನೀನು ನಗೋದೇ ಬಿಟ್ಟೆ.”

ಹಾಗೇನೂ ಇಲ್ಲ. ಕೆಲಸ ಜಾಸ್ತಿಯಿತ್ತು.

ಆಮೇಲೆ ಅವನು ಕೇಳಿದ, “ಎಲ್ಲಿ ತಪ್ಪಿದೆ ನಾನು? ಗುಳ್ಳೆ ಇತ್ತಾ? ಸರಿಯಾಗಿ ಕರಗಿರಲಿಲ್ವಾ?”

“ಬೆಸುಗೆಯಲ್ಲಿ ತಪ್ಪಿಲ್ಲ. ತಾಮ್ರ. ನೀನು ಹಟ ಮಾಡಿ ತರಿಸಿದ ತಂತಿ. ನೀನು ಬರೆದ ಕಾಗದ ಫೈಲಿನಲ್ಲಿದೆ” ಎಂದೆ.

ಅವನು ಲೋಟ ಕೆಳಗಿಟ್ಟ. “ಬರಿ ತಂತಿಲೇ ಹಾಕಿದ್ರೆ?” ಎಂದ. “ಇನ್ನೂ ಇಪ್ಪತ್ತು ವರ್ಷ ನಡೀತಿತ್ತು” ಎಂದೆ. ಕೇಳಿದ, ಹೇಳಿದೆ. ಸುಳ್ಳಿನ ಫೋಟೋ ತೆಗೆ ಎಂದವನು ಅವನೇ.

ಹೊತ್ತಾಗಿತ್ತು. ಚಪ್ಪಲಿ ಮೆಟ್ಟಿ ಕೆಲಸಕ್ಕೆ ಹೋದೆ.

ಜೂನ್ ೮, ಭಾನುವಾರ

ಮೂರು ದಿನದಿಂದ ಅಪ್ಪ ಮಾತಾಡಿಲ್ಲ, ಸರಿಯಾಗಿ ತಿಂದೂ ಇಲ್ಲ. ಇವತ್ತು ಬೆಳಿಗ್ಗೆ ಅಡುಗೆಮನೆಯಿಂದ ಕಿರಗುಟ್ಟುವ ಸದ್ದು ಕೇಳಿ ಎದ್ದು ಹೋದೆ. ಮೇಜಿನ ಮುಂದೆ ಕೂತು, ಒಂದು ಕೈಯಲ್ಲಿ ಪಂಚ್, ಇನ್ನೊಂದರಲ್ಲಿ ಅರ ಹಿಡಿದು ತನ್ನ ನಂಬರನ್ನು ಉಜ್ಜುತ್ತಿದ್ದ. ಪಂಚಿನ ಉಕ್ಕು ಬಹಳ ಗಡುಸು, ಅರ ಅದರ ಮೇಲೆ ಸುಮ್ಮನೆ ಜಾರುತ್ತದೆ. ಯಾವಾಗಿನಿಂದ ಉಜ್ಜುತ್ತಿದ್ದನೋ, ಒಂದು ಗೀರೂ ಬಿದ್ದಿರಲಿಲ್ಲ. ಬೆರಳಿನ ಗಂಟು ಸುಲಿದಿತ್ತು.

“ಹೀಗೆ ಉಜ್ಜಿದ್ರೆ ಹೋಗಲ್ಲಪ್ಪ” ಎಂದೆ.

“ಗೊತ್ತು. ಕಾಯಿಸಿ ಆರಿಸ್ಬೇಕು. ನನ್ನ ಕೈಲಿ ಇಕ್ಕಳ ನಿಲ್ಲಲ್ಲ.” ನನ್ನ ಕಡೆ ನೋಡದೆ ಹೇಳಿದ. “ನೀನು ಹಿಡ್ಕೋತೀಯಾ?”

ಗ್ಯಾಸ್ ಒಲೆ ಹಚ್ಚಿ ಪಂಚಿನ ತುದಿಯನ್ನು ಇಕ್ಕಳದಲ್ಲಿ ಹಿಡಿದೆ. ಅವನು ಕಿಟಕಿಯ ಪರದೆ ಎಳೆದು ಕತ್ತಲು ಮಾಡಿದ, ಬಣ್ಣ ಕಾಣಲಿ ಎಂದು. ಮುಕ್ಕಾಲು ಗಂಟೆ ಹಿಡಿಯಿತು. “ಇನ್ನೂ ಇಲ್ಲ. ಇನ್ನೂ ಇಲ್ಲ. ಹಾಂ, ಈಗ ಬಂತು ನೋಡು ಕೆಂಪು. ಹಾಗೇ ಹಿಡಿ, ಅಲ್ಲಾಡಿಸ್ಬೇಡ.” ಶೆಡ್ಡಿನಲ್ಲಿ ಜೊತೆಯವರಿಗೆ ಹೇಳುತ್ತಿದ್ದ ಅದೇ ದನಿ. ಆಮೇಲೆ ಮರಳಿನ ಡಬ್ಬಿಯಲ್ಲಿ ಹೂತಿಟ್ಟೆವು, ಅವಸರವಿಲ್ಲದೆ ಆರಬೇಕು. ಸಂಜೆವರೆಗೂ ಇಬ್ಬರೂ ಡಬ್ಬಿಯ ಆಚೀಚೆ ಕೂತಿದ್ದೆವು. ಕಾಯಿಲೆಯವರ ಪಕ್ಕ ಕೂತ ಹಾಗೆ.

ಐದು ಗಂಟೆಗೆ ತೆಗೆದೆ. ಅರ ಹಚ್ಚಿದರೆ ಈಗ ಕಚ್ಚಿತು, ಪುಡಿ ಉದುರಿತು. ಅಪ್ಪ ನಾಲ್ಕು ಸಲ ಎಳೆದ, ಕೈ ಸೋತು ನನ್ನ ಮುಂದೆ ಇಟ್ಟ. ಉಳಿದದ್ದನ್ನು ನಾನೇ ಉಜ್ಜಿದೆ. ಏಳು ಬೇಗ ಹೋಯಿತು. ಎರಡು ಆಳವಾಗಿತ್ತು, ಹೊತ್ತು ಹಿಡಿಯಿತು. ಮುಗಿದ ಮೇಲೆ ಹೆಬ್ಬೆರಳಿನಿಂದ ಸವರಿ ನೋಡಿದ. ಮತ್ತೆ ಸವರಿದ.

“ಸಾಕಾ?” ಎಂದೆ.

“ಸಾಕು. ಇನ್ನು ಇದು ಯಾರದ್ದೂ ಅಲ್ಲ” ಎಂದು ಅದೇ ಎಣ್ಣೆ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ. ಡ್ರಾಯರಿನಲ್ಲಿಟ್ಟೆ. ಅವನು ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ.

ನಾಳೆ ಹನ್ನೆರಡನೆಯ ತುಂಡನ್ನು ಸೀಸದ ಡಬ್ಬಿಗೆ ಹಾಕಿ ಮುಚ್ಚಬೇಕು. ಆಮೇಲೆ ಪಾತ್ರೆಯ ಸುತ್ತ ಇನ್ನಷ್ಟು ಕಾಂಕ್ರೀಟು ಸುರಿದು ಬಾಗಿಲು ಮುಚ್ಚುತ್ತಾರೆ. ಅದರ ನಡುಮೈಯಲ್ಲಿ, ಬೆಸುಗೆಯ ಪಕ್ಕ, ಅಪ್ಪ ಸುತ್ತಿಗೆಯಿಂದ ಹೊಡೆದ ೨೭ ಹಾಗೇ ಇದೆ. ನೂರು ವರ್ಷ ಯಾರೂ ಅರ ಹಿಡಿದು ಅದರ ಹತ್ತಿರ ಹೋಗಲಾರರು. ಅದನ್ನು ಅವನಿಗೆ ಹೇಳಲಿಲ್ಲ. ಅವನಿಗೆ ಗೊತ್ತು.